ಎಲ್ ಸೌಸೆಯ ಹನ್ನೊಂದು ತೋಟಗಳು

ಲಾ ನೆಬ್ಲೀನ
20 ಫೆಬ್ರವರಿ 2006

ಪ್ರೀತಿಯ ಕೊಂಪಾದ್ರೆ ತೆಯೋಫಿಲೊ ಅವರಿಗೆ,

ಮೂರು ವಾರದ ಮೇಲೆ ಒರ್ಲಾಂದೊ ಓಡಿಸುವ ನಮ್ಮ ಕಾಫಿ ಸಂಘದ ಟ್ರಕ್ಕು ಇವತ್ತು ಮೇಲೆ ಬಂತು. ನಾಳೆ ಬೆಳಿಗ್ಗೆ ಹಾಯೆನ್ ಪೇಟೆಗೆ ಇಳಿಯುತ್ತಾನಂತೆ, ಅದಕ್ಕೇ ಕೈ ತೊಳೆದುಕೊಂಡು ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ. ಮೂವತ್ತಾರು ವರ್ಷದ ಹೆಂಗಸನ್ನು ಇಗರ್ಜಿಯ ಜಗಲಿಯ ಮೇಲೆ ಕೂರಿಸಿ ಅಕ್ಷರ ತಿದ್ದಿಸಿದ ಮೇಷ್ಟ್ರು ನೀವೇ, ತಪ್ಪೂ ನಿಮ್ಮದೇ.

ಈ ಸಲ ಕಾಫಿ ಕಾಯಿ ಚೆನ್ನಾಗಿ ಕಚ್ಚಿದೆ. ಕಾಯಿಕೊರಕದ ಹುಳ ಅಲ್ಲಲ್ಲಿ ಕಾಣಿಸಿಕೊಂಡಿದೆ. ಸಂಘದವರು ಹೇಳಿಕೊಟ್ಟಂತೆ ಖಾಲಿ ಬಾಟಲಿಗೆ ತೂತು ಮಾಡಿ, ಕಬ್ಬಿನ ಸಾರಾಯಿ ಸುರಿದು ಗಿಡಗಳಿಗೆ ಕಟ್ಟಿದ್ದೇವೆ. ಅರ್ಧ ಸಾರಾಯಿ ಹುಳಕ್ಕೆ, ಅರ್ಧ ಗಂಡಸರಿಗೆ. ಹುಳವೇ ವಾಸಿ, ಕುಡಿದು ಬಾಟಲಿಯೊಳಗೇ ಬಿದ್ದಿರುತ್ತದೆ.

ಯಾರೂ ವಿಷ ಹೊಡೆದಿಲ್ಲವೆಂದು ಸಂಘದ ಪರವಾಗಿ ನೋಡಿ ಬರೆಯುವ ಒಳ ತಪಾಸಣೆಯನ್ನು ನಮ್ಮ ಬೆಟ್ಟದ ಇಪ್ಪತ್ತಾರು ತೋಟಗಳಲ್ಲೂ ಮುಗಿಸಿದೆ. ಮಾರ್ಸೆಲೀನಳ ಬೇಲಿಯ ಹಿಂದೆ ವಿಷದ ಡಬ್ಬಿ ಸಿಕ್ಕಿತು. ಅವಳ ಗಂಡ, "ಅದು ಇರುವೆಗೆ ಕಣಕ್ಕಾ, ಮನೆಯೊಳಗಿನ ಇರುವೆಗೆ" ಅಂದ. ಡಬ್ಬಿ ಎಲ್ಲಿ ಸಿಕ್ಕಿತೋ ಅದನ್ನೂ ಬರೆದೆ, ಅವನು ಹೇಳಿದ್ದನ್ನೂ ಬರೆದೆ. ಮಾರ್ಸೆಲೀನ ನಾಲ್ಕು ದಿನ ಮುಖ ತಿರುಗಿಸಿಕೊಂಡಿದ್ದಳು. ಐದನೆಯ ದಿನ ಒಂದು ಬುಟ್ಟಿ ಮರಗೆಣಸು ತಂದು ಬಾಗಿಲಲ್ಲಿಟ್ಟು, "ನಿನ್ನಂಥೋಳ ಪಕ್ಕ ಬದುಕೋದು ಪಾದ್ರಿ ಪಕ್ಕ ಬದುಕಿದ ಹಾಗೆ" ಎಂದು ಬೈದು ಹೋದಳು.

ಮಗಳು ದಾಲಿಲ ನಿಮ್ಮ ಮನೆಯಲ್ಲಿದ್ದಾಳೆ ಎಂಬ ಧೈರ್ಯಕ್ಕೇ ನಾನು ಇಲ್ಲಿ ನಿದ್ದೆ ಮಾಡುತ್ತಿದ್ದೇನೆ. ನರ್ಸಿಂಗ್ ಓದು ಅಂದರೆ ಸುಲಭವಲ್ಲ, ಸಾರು ಬಿಟ್ಟು ಎದ್ದರೆ ಗದರಿಸಿ. ಅವಳ ಜ್ಞಾನಸ್ನಾನಕ್ಕೆ ನಿಂತು ನನಗೆ ಕೊಂಪಾದ್ರೆ ಆದವರು ನೀವು, ಜ್ಞಾನಪಿತನಿಗೆ ಆ ಹಕ್ಕಿದೆ. ನಮ್ಮ ಮನೆಯವರು ಅನ್ಸೆಲ್ಮೊ ತೀರಿಹೋಗಿ ಮುಂದಿನ ತಿಂಗಳಿಗೆ ಮೂರು ವರ್ಷ. ನೀವಿಬ್ಬರೂ ಹೇಸರಗತ್ತೆಯ ಮೇಲೆ ಸಂಘದ ಮೊದಲ ಮೂಟೆಗಳನ್ನು ಹೇರಿಕೊಂಡು ಇಳಿದ ಆ ದಾರಿಯಲ್ಲಿ ಈಗ ಟ್ರಕ್ಕು ಓಡಾಡುತ್ತದೆ. ಅವರು ನೋಡಬೇಕಿತ್ತು.

ನಿಮ್ಮ ಕೊಮಾದ್ರೆ,
ಕ್ಲೋರಿಂದ

&nbsp;

ಹಾಯೆನ್
9 ಮಾರ್ಚ್ 2006

ಪ್ರೀತಿಯ ಕೊಮಾದ್ರೆ,

ಹುಳ ಮತ್ತು ಗಂಡಸರ ವಿಷಯ ಓದಿ ಮನೆಯವರೆಲ್ಲ ನಕ್ಕೆವು. ದಾಲಿಲ ಚೆನ್ನಾಗಿ ಓದುತ್ತಿದ್ದಾಳೆ. ಕಳೆದ ವಾರ ನನ್ನ ಹೆಂಡತಿಗೆ ತಾನೇ ಇಂಜೆಕ್ಷನ್ ಚುಚ್ಚಿದಳು. ನೋವೇ ಆಗಲಿಲ್ಲ ಎಂದು ಇವಳು ಓಣಿಗೆಲ್ಲ ಹೇಳಿಕೊಂಡು ತಿರುಗಿದಳು.

ಈಗ ಅಧ್ಯಕ್ಷನಾಗಿ ಸಂಘದ ಮಾತು. ಬೆಟ್ಟದ ಆಚೆ ಮಗ್ಗುಲಿನ ಎಲ್ ಸೌಸೆಯಿಂದ ಹನ್ನೊಂದು ಮನೆಯವರು ಹೊಸದಾಗಿ ಸೇರಿದ್ದಾರೆ. ಬಡವರು, ನಮ್ಮಂತೆಯೇ ಶುರುಮಾಡಿದವರು. ತೋಟಕ್ಕೆ ವಿಷ ತಾಕಿಸಿ, ಸಾವಯವ ನಿಯಮ ಕೇಳುವ ಮೂರು ವರ್ಷ ಮೀರಿದೆ, ನಾನೇ ವಿಚಾರಿಸಿಕೊಂಡಿದ್ದೇನೆ. ತಪಾಸಣೆ ಹಾಳೆಗಳು ಮಾತ್ರ ಬಾಕಿ. ಆ ಕಡೆಯ ಹೊಣೆ ನಿಮ್ಮದು. ಆದರೆ ದಾರಿ ಎರಡು ಕಡೆ ಕುಸಿದಿದೆಯಂತೆ. ಈ ಮಳೆಯಲ್ಲಿ ನಿಮ್ಮನ್ನು ಅಲ್ಲಿಗೆ ಕಳಿಸಿ ಏನಾದರೂ ಆದರೆ ಅನ್ಸೆಲ್ಮೊ ನನ್ನನ್ನು ಕ್ಷಮಿಸುವುದಿಲ್ಲ.

ಹೆಸರು, ಗಿಡಗಳ ಸಂಖ್ಯೆ ಎಲ್ಲ ತುಂಬಿದ ಹಾಳೆಗಳನ್ನು ಒರ್ಲಾಂದೊನ ಕೈಯಲ್ಲಿ ಕಳಿಸಿದ್ದೇನೆ. ನೆರಳು ಮರದ ಕಾಲಂ ಖಾಲಿ ಇದೆ, ಅದನ್ನು ತುಂಬಿ ರುಜು ಮಾಡಿ. ಮಳೆ ನಿಂತ ಮೇಲೆ ಒಮ್ಮೆ ಹೋಗಿ ನೋಡಿಬಂದರಾಯಿತು. ಹಾಳೆಗಳ ಜೊತೆ ಈ ಕಾಗದವನ್ನೂ ವಾಪಸು ಕಳಿಸಿಬಿಡಿ, ಎಲ್ಲ ಒಂದೇ ಫೈಲಿನಲ್ಲಿರಲಿ.

ನಿಮ್ಮ ಕೊಂಪಾದ್ರೆ,
ತೆಯೋಫಿಲೊ ಒಕುಪ

&nbsp;

ಲಾ ನೆಬ್ಲೀನ
28 ಮಾರ್ಚ್ 2006

ಪ್ರೀತಿಯ ಕೊಂಪಾದ್ರೆ,

ಹಾಳೆಗಳನ್ನೂ ನಿಮ್ಮ ಕಾಗದವನ್ನೂ ಕಳಿಸಿದ್ದೇನೆ. ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಸುತ್ತಲೂ ಓಡಾಡಿದೆ. ಕಾಣದ ತೋಟಕ್ಕೆ ರುಜು ಹಾಕಿದ್ದು ಇದೇ ಮೊದಲು. ಹನ್ನೊಂದು ಹೆಸರುಗಳನ್ನು ನನ್ನ ತೋಟದ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ, ಹೋದಾಗ ಹೆಸರು ಹಿಡಿದು ಮಾತಾಡಿಸಬಹುದಲ್ಲ. ನೆರಳು ಮರ ಎಲ್ಲದಕ್ಕೂ ಗುವಾಬ ಎಂದೇ ಬರೆದೆ. ನಮ್ಮಲ್ಲಿರುವುದು ಅದೇ, ಅಲ್ಲಿ ಬೇರೆ ಏನಿದ್ದೀತು.

ಏಪ್ರಿಲ್ ಕೊನೆಗೆ ಹೋಗಿಬರುತ್ತೇನೆ. ಆಮೇಲೆ ನನಗೆ ಸಮಾಧಾನ.

ಕ್ಲೋರಿಂದ

&nbsp;

ಹಾಯೆನ್
15 ಏಪ್ರಿಲ್ 2006

ಕೊಮಾದ್ರೆ,

ಹಾಳೆ ತಲುಪಿದವು. ನೀವಿಲ್ಲದಿದ್ದರೆ ಈ ಸಂಘ ಏನಾಗುತ್ತಿತ್ತೋ. ಎಲ್ ಸೌಸೆಗೆ ಹೋಗುವ ಅವಸರ ಬೇಡ, ಮೊದಲು ಕೊಯ್ಲು ಮುಗಿಸಿ. ಇದರ ಜೊತೆ ಒಂದು ಕನ್ನಡಕ ಕಳಿಸಿದ್ದೇನೆ. ಸೂಜಿಗೆ ದಾರ ಪೋಣಿಸಲು ಅಮ್ಮನಿಗೆ ಕಷ್ಟ ಎಂದು ದಾಲಿಲ ಹೇಳಿದಳು.

ತೆಯೋಫಿಲೊ

&nbsp;

ಲಾ ನೆಬ್ಲೀನ
2 ಜುಲೈ 2006

ಪ್ರೀತಿಯ ಕೊಂಪಾದ್ರೆ,

ಕನ್ನಡಕ ಹಾಕಿಕೊಂಡೇ ಬರೆಯುತ್ತಿದ್ದೇನೆ. ಕೊಯ್ಲು ಜೋರಾಗಿದೆ. ಹಗಲೆಲ್ಲ ಕೊಯ್ದು, ಸಂಜೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ತಿರುಗಿಸಿ, ಬೆಳಿಗ್ಗೆ ಬೀಜ ತೊಳೆದು ಕಣಕ್ಕೆ ಹಾಕುವಷ್ಟರಲ್ಲಿ ಬೆನ್ನು ನನ್ನದೋ ಬೇರೆಯವರದೋ ಗೊತ್ತಾಗುವುದಿಲ್ಲ. ಎಲ್ ಸೌಸೆಗೆ ಹೋಗಲಾಗಲಿಲ್ಲ. ಅದನ್ನೇ ಹೇಳಲು ಬರೆಯುತ್ತಿದ್ದೇನೆ.

ಸಾವಯವ ಪ್ರಮಾಣಪತ್ರ ಕೊಡುವವರ ಹೊರ ತಪಾಸಣೆಗೆ ಲಿಮಾದಿಂದ ಇಂಜಿನಿಯರ್ ಹುಡುಗಿ ಬಂದಿದ್ದಳು. ದಾಲಿಲಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನನ್ನ ತೋಟವೆಲ್ಲ ಸುತ್ತಿದಳು, ಮಣ್ಣು ಮೂಸಿದಳು, ಬಾಟಲಿ ಎಣಿಸಿದಳು. ಕೊನೆಗೆ ಎಲ್ ಸೌಸೆಯ ಹಾಳೆ ತೆಗೆದು, "ಅಮ್ಮಾ, ಇಲ್ಲಿಗೆ ನಾನು ಹೋಗ್ಲೇಬೇಕಾ? ನೀವು ನೋಡಿದ್ದೀರಲ್ವಾ?" ಎಂದು ಕೇಳಿದಳು. ಪಾಪ, ಕಾಲು ಊದಿತ್ತು. ನಾನು, "ದಾರಿ ಕುಸಿದಿದೆ ಮಗಳೇ, ನಾನೇ ನಡ್ಕೊಂಡು ಹೋಗಿ ನೋಡಿ ಬಂದಿದ್ದೀನಿ" ಅಂದೆ. ಅವಳು ನನ್ನ ಮುಖ ನೋಡಿ, "ನೀವು ನೋಡಿದ್ರೆ ಸಾಕು" ಎಂದು ಬರೆದುಕೊಂಡಳು.

ಕೊಂಪಾದ್ರೆ, ನಾನು ಆ ಕಡೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಆ ಹನ್ನೊಂದು ಜನರಲ್ಲಿ ಒಬ್ಬರ ಮುಖವನ್ನೂ ಕಂಡಿಲ್ಲ. ಕಾಗದದಲ್ಲಿ ಸುಳ್ಳು ಬರೆದದ್ದು ಒಂದು ತೂಕವಾದರೆ, ಮುಖ ನೋಡಿಕೊಂಡು ಹೇಳಿದ್ದು ಇನ್ನೊಂದು. ಪಾಪನಿವೇದನೆಗೆ ಹೋದಾಗ ಪಾದ್ರಿಗೂ ಹೇಳಲಾಗಲಿಲ್ಲ. ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ಏನು ಮಾಡಲಿ ಹೇಳಿ. ಬೇಕಾದರೆ ಆ ಹುಡುಗಿಗೆ ನಾನೇ ಬರೆದು ತಿಳಿಸುತ್ತೇನೆ.

ಕ್ಲೋರಿಂದ

&nbsp;

ಲಾ ನೆಬ್ಲೀನ
10 ಸೆಪ್ಟೆಂಬರ್ 2006

ಪ್ರೀತಿಯ ಕೊಂಪಾದ್ರೆ,

ಎರಡು ತಿಂಗಳಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಒರ್ಲಾಂದೊನನ್ನು ಕೇಳಿದರೆ, "ಸಾಹೇಬ್ರು ಸಣ್ಣಗಾಗಿದ್ದಾರೆ, ಯಾರ ಹತ್ರಾನೂ ಜಾಸ್ತಿ ಮಾತಿಲ್ಲ" ಎನ್ನುತ್ತಾನೆ. ಅದೇ ಹಳೆಯ ಹೊಟ್ಟೆಹುಣ್ಣು ತಾನೆ? ಪೇಟೆಯ ಊಟ ನಿಮಗೆ ಆಗಿಬರುವುದಿಲ್ಲ ಎಂದು ಎಷ್ಟು ಸಲ ಹೇಳಿದ್ದೇನೆ.

ಒಂದು ಸೀಸೆ ಜೇನುತುಪ್ಪ ಕಳಿಸಿದ್ದೇನೆ. ಬುಟ್ಟಿಯಲ್ಲಿರುವುದು ನನ್ನ ಒಲೆಯ ಪಕ್ಕ ಬೆಳೆದ ಗಿನಿಯಿಲಿ, ಕಪ್ಪುಮೂತಿಯದು. ಅದನ್ನು ಹುರಿಯಕೂಡದು, ಸಾರು ಮಾಡಿ ಕುಡಿಯಬೇಕು. ದಾಲಿಲ ಸಾಕುಪ್ರಾಣಿ ಎಂದು ಅದಕ್ಕೆ ಹೆಸರಿಟ್ಟರೆ ಕೇಳಬೇಡಿ.

ನನ್ನ ಹಿಂದಿನ ಕಾಗದದಿಂದ ನಿಮಗೆ ಚಿಂತೆ ಹೆಚ್ಚಾಯಿತೇನೋ. ಮರೆತುಬಿಡಿ. ಹುಷಾರಾದ ಮೇಲೆ ಮಾತಾಡೋಣ.

ಕ್ಲೋರಿಂದ

&nbsp;

ಹಾಯೆನ್
4 ಡಿಸೆಂಬರ್ 2006

ಶ್ರೀಮತಿ ಕ್ಲೋರಿಂದ ಚಿಂಚಾಯ್ ಅವರಿಗೆ,
ಸದಸ್ಯರು, ಲಾ ನೆಬ್ಲೀನ ಶಾಖೆ

ಈ ವರ್ಷ ಸಂಘವು ಹೊರದೇಶಕ್ಕೆ ಕಳಿಸಿದ ಸಾವಯವ ಕಾಫಿಯಲ್ಲಿ ನಿಷೇಧಿತ ಕೀಟನಾಶಕದ ಅಂಶ ಪತ್ತೆಯಾಗಿರುತ್ತದೆ. ದೋಷವು ಎಲ್ ಸೌಸೆಯ ಹನ್ನೊಂದು ತೋಟಗಳ ಮೂಟೆಗಳಲ್ಲಿ ಕಂಡುಬಂದಿದ್ದು, ಸದರಿ ತೋಟಗಳನ್ನು ಖುದ್ದಾಗಿ ನೋಡದೆಯೇ ತಾವು ತಪಾಸಣೆ ಹಾಳೆಗಳಿಗೆ ರುಜು ಮಾಡಿರುವುದು ದೃಢಪಟ್ಟಿದೆ. 20 ನವೆಂಬರ್ ದಿನಾಂಕದ ನೋಟೀಸು ಕಳಿಸಲಾಗಿದ್ದರೂ ತಾವು ಡಿಸೆಂಬರ್ 3ರ ಮಹಾಸಭೆಗೆ ಹಾಜರಾಗಿಲ್ಲ. ಆದ್ದರಿಂದ ತಮ್ಮ ಸದಸ್ಯತ್ವವನ್ನೂ ಸದರಿ ಹನ್ನೊಂದು ಮಂದಿಯ ಸದಸ್ಯತ್ವವನ್ನೂ ರದ್ದುಗೊಳಿಸಲು ಸಭೆಯು ತೀರ್ಮಾನಿಸಿರುತ್ತದೆ. ಗೇಟಿನ ಸಾವಯವ ತೋಟದ ಫಲಕವನ್ನು ಹಿಂದಿರುಗಿಸತಕ್ಕದ್ದು.

ತೆಯೋಫಿಲೊ ಒಕುಪ
ಅಧ್ಯಕ್ಷರು

(ಒಳಗೆ ಮಡಿಸಿದ್ದ ಚೀಟಿ)

ಕೊಮಾದ್ರೆ, ಮೇಲಿನದು ಕಚೇರಿಯ ಭಾಷೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗಾಳಿ ಸ್ವಲ್ಪ ತಣ್ಣಗಾಗಲಿ, ಎಲ್ಲ ಸರಿಮಾಡುತ್ತೇನೆ. ಅಲ್ಲಿಯವರೆಗೆ ಯಾರ ಹತ್ತಿರವೂ ಮಾತು ಬೇಡ. ದಾಲಿಲ ಚೆನ್ನಾಗಿದ್ದಾಳೆ.

&nbsp;

ಲಾ ನೆಬ್ಲೀನ
12 ಡಿಸೆಂಬರ್ 2006

ಕೊಂಪಾದ್ರೆ,

ನೋಟೀಸೂ ತೀರ್ಮಾನವೂ ಒಂದೇ ದಿನ, ಒಂದೇ ಕೈಯಿಂದ ಬಂದವು. ಒರ್ಲಾಂದೊನನ್ನು ಕೇಳಿದೆ. "ಎರಡೂ ಒಟ್ಟಿಗೇ ಕೊಟ್ರಕ್ಕಾ, ಐದನೇ ತಾರೀಕು" ಅಂದ. ಕಚೇರಿಯಲ್ಲಿ ಯಾರದೋ ಅಜಾಗರೂಕತೆ ಇರಬೇಕು, ವಿಚಾರಿಸಿ.

ನಾನು ತಪ್ಪು ಮಾಡಿದೆ, ಇಲ್ಲವೆನ್ನುವುದಿಲ್ಲ. ಆದರೆ ನೀವು ಕೇಳಿದ್ದಕ್ಕೆ ರುಜು ಹಾಕಿದೆ ಎಂದು ಸಭೆಯಲ್ಲಿ ಹೇಳಿದಿರಾ? ಹೇಳಿರುತ್ತೀರಿ. ಅದನ್ನು ಬರೆಯಲು ಮರೆತಿರಬೇಕು.

ಫಲಕವನ್ನು ಹಿಂದಿರುಗಿಸುವ ಕೆಲಸ ನನಗೆ ಬೀಳಲಿಲ್ಲ. ಮಾರ್ಸೆಲೀನಳ ಗಂಡ ಮೊನ್ನೆ ತಾನಾಗಿಯೇ ಬಂದು ಬಿಚ್ಚಿಕೊಂಡು ಹೋದ. ನಾನು ಕಣದಲ್ಲಿ ನಿಂತು ನೋಡುತ್ತಿದ್ದೆ. ಅವನು ನನ್ನ ಕಡೆ ತಿರುಗಲಿಲ್ಲ. ಸಂಘದ ಟ್ರಕ್ಕು ನನ್ನ ಗೇಟಿನ ಮುಂದೆ ನಿಧಾನ ಮಾಡಿ ಮುಂದೆ ಹೋಗುತ್ತದೆ. ನಿಲ್ಲಿಸುವ ರೂಢಿ ತಪ್ಪಿಸಲು ಒರ್ಲಾಂದೊನಿಗೂ ಕಷ್ಟವಾಗುತ್ತಿದೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಆ ತೋಟಗಳನ್ನು ನೋಡಿಲ್ಲ ಎಂಬುದು ಹೇಗೆ ದೃಢಪಟ್ಟಿತು? ಈ ಲೋಕದಲ್ಲಿ ನಿಮ್ಮನ್ನು ಬಿಟ್ಟು ಯಾರಿಗೂ ನಾನದನ್ನು ಹೇಳಿಲ್ಲ.

ಕ್ಲೋರಿಂದ

&nbsp;

ಹಾಯೆನ್
8 ಜನವರಿ 2007

ಪ್ರೀತಿಯ ಕೊಮಾದ್ರೆ,

ಹೊಸ ವರ್ಷದ ಶುಭಾಶಯ. ನಿಮ್ಮ ಕಾಗದ ತಲುಪಿತು.

ಹೇಗೆ ಗೊತ್ತಾಯಿತೆಂದರೆ ಏನು ಹೇಳಲಿ. ಜನರ ಬಾಯಿ. ಆ ಇಂಜಿನಿಯರ್ ಹುಡುಗಿಗೆ ಅನುಮಾನ ಬಂದಿರಬಹುದು, ಬೆಟ್ಟದ ಮೇಲಿನವರೇ ಯಾರಾದರೂ ನೀವು ಊರು ಬಿಟ್ಟು ಕದಲಲಿಲ್ಲವೆಂದು ಹೇಳಿರಬಹುದು. ಆ ಡಬ್ಬಿಯ ವಿಷಯ ಬರೆದ ಮೇಲೆ ಮಾರ್ಸೆಲೀನಳ ಮನೆಯವರಿಗೆ ನಿಮ್ಮ ಮೇಲೆ ಒಳಗೇ ಸಿಟ್ಟು ಇತ್ತಲ್ಲ. ನಾನು ಅಧ್ಯಕ್ಷನ ಕುರ್ಚಿಯಲ್ಲಿ ಕೂತವನು, ಕೈ ಕಟ್ಟಿಹಾಕಿದಂತಾಗಿತ್ತು. ಹೊರಹಾಕುವುದು ಬೇಡ, ಎಚ್ಚರಿಕೆ ಸಾಕು ಎಂದು ಎಷ್ಟೋ ವಾದಿಸಿದೆ.

ಜೇನುತುಪ್ಪ ಚೆನ್ನಾಗಿತ್ತು. ದಾಲಿಲ ಈಗ ನನ್ನೆದುರಿಗೇ ಕೂತು ಓದುತ್ತಿದ್ದಾಳೆ, ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದಾಳೆ. ಅಮ್ಮನಿಗೆ ಮುತ್ತು ತಿಳಿಸಿ ಅಂದಳು.

ನಿಮ್ಮ ಕೊಂಪಾದ್ರೆ,
ತೆಯೋಫಿಲೊ

&nbsp;

ಲಾ ನೆಬ್ಲೀನ
25 ಫೆಬ್ರವರಿ 2007

ತೆಯೋಫಿಲೊ ಒಕುಪ ಅವರಿಗೆ,

ಕಾರ್ನಿವಾಲ್ ರಜೆಗೆ ದಾಲಿಲ ಬಂದಿದ್ದಾಳೆ. ಗೇಟಿನಿಂದ ಒಳಗೆ ಬರುವಾಗಲೇ ಅವಳ ಅಂಗೈ ಕಂಡಿತು, ಒಡೆದು ಹೋಗಿತ್ತು. "ನರ್ಸಿಂಗ್ ಓದಿದ್ರೆ ಕೈ ಹೀಗಾಗುತ್ತಾ?" ಅಂದೆ. ಅವಳು ಗಂಟು ಕೆಳಗಿಟ್ಟು, "ಅಮ್ಮಾ, ನಾನು ಡಿಸೆಂಬರ್ ಮೂರಕ್ಕೇ ಆ ಮನೆ ಬಿಟ್ಟೆ" ಅಂದಳು. ಕ್ಲಿನಿಕ್ಕಿನಲ್ಲಿ ಹಾಸಿಗೆಬಟ್ಟೆ ಒಗೆದುಕೊಂಡು, ಗೆಳತಿಯ ಕೋಣೆಯಲ್ಲಿದ್ದಾಳೆ. ಜನವರಿ ಎಂಟರಂದು ನಿಮ್ಮೆದುರಿಗೆ ಕೂತು ಮೂಳೆಗಳ ಹೆಸರು ಓದಿದವಳು ಯಾರೋ ನನಗೆ ತಿಳಿಯದು.

ಯಾಕೆ ಬಿಟ್ಟೆ ಎಂದು ಕೇಳಿದೆ. ಮಾರನೆಯ ದಿನ ಕಳೆ ಕೀಳುತ್ತ ಪಕ್ಕದ ಸಾಲಿನಿಂದ ಹೇಳಿದಳು, ನನ್ನ ಮುಖ ಕಾಣದಂತೆ. ಮಹಾಸಭೆಯ ದಿನ ಅವಳೂ ಆ ಹಾಲ್‌ನಲ್ಲಿದ್ದಳಂತೆ, ಬಂದವರಿಗೆ ಜೋಳದ ಚೀಚ ಪಾನೀಯ ಹಂಚುತ್ತ. "ಅವರು ಜೇಬಿಂದ ಕಾಗದ ತೆಗೆದ್ರು. 'ಇದು ಆಕೆಯ ಕೈಬರಹ, ನಾನೇ ಕಲಿಸಿದ ಅಕ್ಷರ, ನನಗೆ ಗೊತ್ತಾಗಲ್ವಾ' ಅಂದ್ರು. ಆಮೇಲೆ ಓದಿದ್ರು. ಬೆನ್ನು ನೋವಿಂದ ಶುರುಮಾಡಿ ಓದಿದ್ರು ಅಮ್ಮಾ. ಜನ ನಕ್ಕರು. ಪಾದ್ರಿಗೂ ಹೇಳಲಿಲ್ಲ ಅನ್ನೋ ಮಾತು ಬಂದಾಗ ಯಾರೂ ನಗಲಿಲ್ಲ. ನಾನು ಜಗ್ ಕೆಳಗಿಟ್ಟು ಹೊರಗೆ ಬಂದೆ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಕೊನೆಯ ಸಾಲುಗಳನ್ನು ಓದಿದರಾ ಎಂದು ಕೇಳಿದೆ. 'ಏನು ಮಾಡಲಿ ಹೇಳಿ' ಎಂದು ನಿಮ್ಮನ್ನು ಕೇಳಿದ್ದೆನಲ್ಲ, ಅದು. ಅಲ್ಲಿಗೆ ಬರುವ ಮೊದಲೇ ಮಡಿಸಿಟ್ಟಿರಂತೆ.

ಆಗ ನನಗೆ ನಿಮ್ಮ ಮಾರ್ಚ್ ತಿಂಗಳ ಕಾಗದ ನೆನಪಾಯಿತು. ವಾಪಸು ಕೇಳಿದಿರಿ, ಕೊಟ್ಟೆ. ಫೈಲಿಗೆ ಎಂದೇ ನಂಬಿದ್ದೆ. ಒಂದು ವರ್ಷ ಅದರ ಬಗ್ಗೆ ಯೋಚಿಸಿಯೂ ಇರಲಿಲ್ಲ.

ಮೂರನೆಯ ದಿನ ಅಮ್ಮ ಮಗಳು ಇಬ್ಬರೂ ಎಲ್ ಸೌಸೆಗೆ ಹೊರಟೆವು. ದಾರಿ ಎಲ್ಲಿಯೂ ಕುಸಿದಿಲ್ಲ. ಒಂದೂವರೆ ದಿನದ ಏರು, ಅಷ್ಟೇ. ಏರುತ್ತ ಏರುತ್ತ ಗಿಡಮರ ಕುಳ್ಳಗಾದವು, ಗಾಳಿ ಕೊರೆಯತೊಡಗಿತು. ನೆತ್ತಿ ದಾಟಿದರೆ ಕಣ್ಣು ಹಾಯಿಸಿದಷ್ಟೂ ಹುಲ್ಲು. ದಾಲಿಲ, "ತೋಟ ಎಲ್ಲಮ್ಮಾ?" ಅಂದಳು. ನಾನೂ ಅದನ್ನೇ ಹುಡುಕುತ್ತಿದ್ದೆ.

ಮೊದಲ ಮನೆಯಲ್ಲಿ ಒಬ್ಬ ಮುದುಕ ಹಾಲು ಕರೆಯುತ್ತಿದ್ದರು. ಕಾಫಿ ತೋಟಗಳು ಯಾವ ಕಡೆ ಎಂದು ಕೇಳಿದೆ.

"ಕಾಫಿನಾ? ಇಲ್ಲಿ ಕಾಫಿ ನೆಟ್ರೆ ಮೊದಲನೇ ಚಳಿಗೇ ಕರ್ರಗಾಗಿ ಹೋಗುತ್ತಮ್ಮ. ಇಲ್ಲಿ ಹಸು, ಆಲೂಗಡ್ಡೆ. ಇನ್ನೇನೂ ಇಲ್ಲ."

"ಗುವಾಬ ಮರ?"

"ನಿಮ್ಮ ಕಡೆಯೋರು ಹಣ್ಣು ತಂದುಕೊಟ್ರೆ ತಿಂತೀವಿ."

ಪುಸ್ತಕ ತೆಗೆದು ಹನ್ನೊಂದು ಹೆಸರು ಓದಿದೆ. ಅವರು ಪಾತ್ರೆ ಪಕ್ಕಕ್ಕಿಟ್ಟು ಕೇಳಿದರು. ಐದು ಮಂದಿ ಸ್ಮಶಾನದಲ್ಲಿದ್ದಾರೆ. ಮೂವರು ಊರು ಬಿಟ್ಟಿದ್ದಾರೆ. ಇಬ್ಬರು ಹಸು ಮೇಯಿಸುತ್ತಾರೆ. ಒಂಬತ್ತನೆಯ ಹೆಸರು ಬಲ್ಬೀನೊ ಹುವಾಂಕಾಸ್ ಎಂದಾಗ, "ಅದು ನಾನೇ" ಅಂದರು. "ನಂದೆಷ್ಟು ಗಿಡ?"

"ಎರಡು ಸಾವಿರದ ನಾನೂರು."

ದೊನ್ ಬಲ್ಬೀನೊ ಮೊದಲು ನಕ್ಕರು. ಆಮೇಲೆ ದಾಲಿಲಳ ಮುಖ ನೋಡಿ ನಿಲ್ಲಿಸಿದರು. "ನಿಮ್ಮ ಅಧ್ಯಕ್ಷರು ನಾಲ್ಕು ವರ್ಷದ ಹಿಂದೆ ಬಂದಿದ್ರಲ್ಲ, ರಸ್ತೆ ಮಾಡಿಸ್ತೀವಿ ಅಂತ. ನಮ್ಮನೇಲೇ ಉಂಡ್ರು. ಅರ್ಜಿಗೆ ಹೆಸರು ಬೇಕು ಅಂತ ಬರ್ಕೊಂಡು ಹೋದ್ರು. ರಸ್ತೆ ಬರ್ಲಿಲ್ಲ" ಅಂದರು. ನಮಗೆ ಆಲೂಗಡ್ಡೆ, ಗಿಣ್ಣು ಬಡಿಸಿದರು. ನನ್ನ ಪಾಲನ್ನು ದಾಲಿಲಳ ತಟ್ಟೆಗೆ ಹಾಕಿದೆ.

ನಾನು ರುಜು ಹಾಕಿದ್ದು ಹುಲ್ಲುಗಾವಲಿಗೆ. ಆ ಮೂಟೆಗಳಲ್ಲಿದ್ದ ಕಾಫಿ ಎಲ್ಲಿಯದು ಎಂದು ನಿಮಗೆ ಗೊತ್ತು. ನಾನು ಕೇಳುವುದಿಲ್ಲ, ನೀವೇ ಹೇಳಿ. ಮೇ ತಿಂಗಳಲ್ಲಿ ಮತ್ತೆ ಹೊರ ತಪಾಸಣೆ ಇದೆಯಂತೆ.

ಕ್ಲೋರಿಂದ ಚಿಂಚಾಯ್

&nbsp;

ಹಾಯೆನ್
18 ಮಾರ್ಚ್ 2007

ಕೊಮಾದ್ರೆ,

ಹಾಗೆ ಕರೆಯಲು ಇನ್ನೂ ಬಿಡುತ್ತೀರಾ ಗೊತ್ತಿಲ್ಲ. ಇದನ್ನು ವಾಪಸು ಕೇಳುವುದಿಲ್ಲ.

ಪೇಟೆಯ ವ್ಯಾಪಾರಿಯಿಂದ ಕೊಂಡು ಎಲ್ ಸೌಸೆಯ ಹೆಸರು ಹಚ್ಚಿದ ಕಾಫಿ ಅದು. 2005ರಲ್ಲಿ ಮಳೆಗೆ ಕಾಯಿ ಉದುರಿ ಬೆಳೆ ಕಡಿಮೆಯಾದದ್ದು ನಿಮಗೆ ನೆನಪಿದೆ. ಹೊರದೇಶದ ಖರೀದಿದಾರರಿಗೆ ಒಂದು ಪೂರ್ತಿ ಕಂಟೇನರ್ ಕಳಿಸುತ್ತೇವೆಂದು ಮಾತು ಕೊಟ್ಟಿದ್ದೆ. ತಪ್ಪಿದರೆ ಅವರು ಬೇರೆ ಸಂಘಕ್ಕೆ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಮುಂದಿನ ಕೊಯ್ಲಿನಲ್ಲೂ ಕೊರತೆ ಬಿದ್ದರೆ ಇರಲಿ ಎಂದು ಹೋದ ವರ್ಷ ಮಾರ್ಚ್‌ನಲ್ಲೇ ಹಾಳೆಗಳನ್ನು ಮಾಡಿಸಿಟ್ಟೆ. ನಿಮ್ಮ ಬೆಟ್ಟದಲ್ಲಿ ಬೆಳೆ ಚೆನ್ನಾಗಿದ್ದರೂ ಉಳಿದ ಕಡೆ ಕೊರತೆ ಬಿತ್ತು. ಒಂದೇ ಒಂದು ವರ್ಷಕ್ಕೆ ಅಂದುಕೊಂಡೆ.

ಪತ್ತೆಯಾದಾಗ ಯಾರಾದರೊಬ್ಬರು ಉತ್ತರ ಹೇಳಬೇಕಿತ್ತು. ಮೂರು ರಾತ್ರಿ ಯೋಚಿಸಿದೆ. ನಾನು ಹೋದರೆ ಸಂಘ ಹೋಗುತ್ತದೆ. ನೀವು ಹೋದರೆ ಒಂದು ತೋಟ. ನನ್ನ ಯೋಚನೆ ಹೀಗೆ ಓಡಿತು, ಅಡಗಿಸುವುದಿಲ್ಲ. ಸಭೆಯಲ್ಲಿ ನಿಮ್ಮ ಕಾಗದ ಓದುವಾಗ ಒಮ್ಮೆಯೂ ತಲೆ ಎತ್ತಲಿಲ್ಲ.

ಈಗ ನಿಮ್ಮ ಕೈಯಲ್ಲಿ ಮುನ್ನೂರ ನಲವತ್ತು ಮನೆಗಳಿವೆ. ಸಂಘವೇ ವ್ಯಾಪಾರಿಯಿಂದ ಕೊಂಡಿತೆಂದು ನೀವು ಬಾಯಿ ಬಿಟ್ಟರೆ ಎಲ್ಲರ ಗೇಟಿನ ಫಲಕವೂ ಬೀಳುತ್ತದೆ, ಮತ್ತೆ ಮೂರು ವರ್ಷ ಮೊದಲಿನಿಂದ. ನನ್ನ ಮೇಲಿನ ಸಿಟ್ಟಿಗೆ ಮಾರ್ಸೆಲೀನಳ ಮಕ್ಕಳನ್ನು ದಂಡಿಸುತ್ತೀರಾ? ಯೋಚಿಸಿ. ಜೂನ್ ಕೊನೆಗೆ ಸಂತ ಯೊವಾನ್ನನ ಹಬ್ಬ ಕಳೆದ ಮೇಲೆ ನಾನೇ ಮೇಲೆ ಬರುತ್ತೇನೆ. ಮಂಡಿಯೂರಿ ಕ್ಷಮೆ ಕೇಳುತ್ತೇನೆ.

ತೆಯೋಫಿಲೊ

&nbsp;

ಲಾ ನೆಬ್ಲೀನ
14 ಜೂನ್ 2007

ತೆಯೋಫಿಲೊ ಒಕುಪ ಅವರಿಗೆ,

ನೀವು ಹೇಳಿದಂತೆ ಯೋಚಿಸಿದೆ. ಎರಡು ತಿಂಗಳು ಯೋಚಿಸಿದೆ. ಏಪ್ರಿಲ್‌ನಲ್ಲಿ ಸುಮ್ಮನಿರುವುದೆಂದೇ ತೀರ್ಮಾನ ಮಾಡಿದ್ದೆ, ಇದು ನಿಮಗೆ ಗೊತ್ತಿರಲಿ.

ಮೇ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಮಾರ್ಸೆಲೀನ ನನ್ನನ್ನು ಜಗಲಿಯ ಮೇಲೆ ನಿಲ್ಲಿಸಿದಳು. ಐದು ತಿಂಗಳಲ್ಲಿ ಮೊದಲ ಸಲ ನನ್ನ ಹೆಸರು ಹಿಡಿದು ಕರೆದಳು. ಹಿಂದೆ ಇನ್ನೂ ಏಳೆಂಟು ಮನೆಯವರಿದ್ದರು. ಎಲ್ ಸೌಸೆಯ ವಿಷಯ ನಾನು ಅವಳಿಗೆ ಹೇಳಿದ್ದೆ, ಅವಳು ಎಲ್ಲರಿಗೂ ಹೇಳಿದ್ದಳು. ನಾನು ಬಾಯಿ ಬಿಟ್ಟರೆ ಎಲ್ಲರ ಫಲಕವೂ ಬೀಳುತ್ತದೆಂದು ನೀವೂ ಒರ್ಲಾಂದೊನ ಕೈಯಲ್ಲಿ ಅವರಿಗೆ ಹೇಳಿಕಳಿಸಿದ್ದಿರಂತೆ.

"ನೋಡು ಕ್ಲೋರಿಂದ," ಅಂದಳು, "ನಿನಗೆ ಮೋಸ ಆಗಿದೆ, ಒಪ್ತೀವಿ. ಆದರೆ ನಿನ್ನ ಹೆಸರು ಹೆಂಗೂ ಕೆಟ್ಟಿದೆ. ಇನ್ನು ಕೆಡೋಕೇನು ಉಳಿದಿದೆ? ನಮ್ಮದಾದ್ರೂ ಉಳೀಲಿ."

ಯಾರೂ ಅವಳನ್ನು ತಡೆಯಲಿಲ್ಲ. ಇಪ್ಪತ್ತು ವರ್ಷ ನಾನು ಇವರ ಹೆರಿಗೆಗೆ ನೀರು ಕಾಯಿಸಿದ್ದೇನೆ. ನನಗೆ ಸಿಟ್ಟು ಬರಲಿಲ್ಲ, ದಣಿವಾಯಿತು. "ಆಯ್ತು" ಎಂದು ಹೇಳಿ ಮನೆಗೆ ಬಂದೆ. ಆ ದಿನ ನೀವು ನನ್ನ ಗೇಟಿಗೆ ಬಂದಿದ್ದರೆ ನಿಮಗೂ ಆಯ್ತು ಎಂದೇ ಹೇಳುತ್ತಿದ್ದೆ.

ತಪಾಸಣೆಗೆ ಅದೇ ಇಂಜಿನಿಯರ್ ಹುಡುಗಿ ಬಂದಳು. ನಾನು ಸದಸ್ಯಳಲ್ಲ, ಅವಳು ನನ್ನ ತೋಟಕ್ಕೆ ಬರಬೇಕಾಗಿಯೇ ಇರಲಿಲ್ಲ. ಎಲ್ಲ ಮುಗಿಸಿ ಇಳಿಯುವಾಗ ಬೇಲಿಯ ಹೊರಗೆ ನಿಂತಳು. ಒಳಗೆ ಬಾ ಅಂದೆ, ಬರಲಿಲ್ಲ.

"ಅಮ್ಮಾ, ಒಂದೇ ಒಂದು ಮಾತು. ಹೋದ ವರ್ಷ ನೀವೇ ನಡೆದು ನೋಡಿದ್ದೀನಿ ಅಂದ್ರಿ. ನಾನು ನಂಬಿದೆ. ವರದಿಯಲ್ಲಿ ನಾನೇ ಪರಿಶೀಲಿಸಿದೆ ಅಂತ ಬರೆದೆ. ಅದಕ್ಕೆ ಐದು ತಿಂಗಳು ಕೆಲಸದಿಂದ ಹೊರಗಿಟ್ರು. ಇಷ್ಟು ಜನರಲ್ಲಿ ನಿಮ್ಮೊಬ್ಬರ ಬಗ್ಗೆ ನನಗೆ ಸ್ವಲ್ಪಾನೂ ಅನುಮಾನ ಇರ್ಲಿಲ್ಲ. ಯಾಕೆ ಹಾಗೆ ಹೇಳಿದ್ರಿ?"

ಅಲ್ಲಿಯವರೆಗೆ ಈ ಬೆಟ್ಟದಲ್ಲಿ ಮೋಸಹೋದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಆ ಹುಡುಗಿ ಬಿಸಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು, ಹೋದ ವರ್ಷ ನೋಡಿದಂತೆಯೇ. ನಿಮ್ಮನ್ನು ನಂಬಿ ನಾನು ರುಜು ಹಾಕಿದೆ, ನನ್ನನ್ನು ನಂಬಿ ಅವಳು ಹಾಕಿದಳು. ಅವಳಿಗೆ ಏನು ಹೇಳಲಿ, ಮುನ್ನೂರ ನಲವತ್ತು ಮನೆಗಾಗಿ ನೀನೂ ಹೊತ್ತುಕೋ ಎಂದೇ? ಅದನ್ನು ಹೇಳಲು ನೀವೇ ಬೇಕು. ನನ್ನ ಬಾಯಿಂದ ಬರಲಿಲ್ಲ.

"ನಾಳೆಯಿಂದ ಮೂರು ದಿನ ಬಿಡುವಿದೆಯಾ?" ಎಂದು ಕೇಳಿದೆ. "ಸ್ವೆಟರ್ ತಗೋ. ಮೇಲೆ ಚಳಿ ಇದೆ."

ಮರುದಿನ ನಾವಿಬ್ಬರೂ ಹೊರಟಾಗ ಊರೆಲ್ಲ ಬಾಗಿಲಲ್ಲಿ ನಿಂತು ನೋಡಿತು. ಮಾರ್ಸೆಲೀನ ಗೇಟಿನವರೆಗೂ ಬಂದು, "ಆಯ್ತು ಅಂದಿದ್ದೆಯಲ್ಲೇ" ಅಂದಳು. ಹೌದು, ಅಂದಿದ್ದೆ. ಅವಳಿಗೂ ನಾನು ಮಾತು ತಪ್ಪಿದೆ. ದಾರಿಯುದ್ದಕ್ಕೂ ಹುಡುಗಿಗೆ ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳಿನಿಂದ ಶುರುಮಾಡಿ. ನೆತ್ತಿ ದಾಟಿ ಹುಲ್ಲು ಕಂಡಾಗ ಅವಳು ಹಾಳೆ ತೆಗೆದು ಬರೆಯತೊಡಗಿದಳು. ದೊನ್ ಬಲ್ಬೀನೊ ತಮ್ಮ ಹೆಸರಿನ ಮುಂದೆ 'ಗಿಡ ಇಲ್ಲ' ಎಂದು ಬರೆಸಿ ಹೆಬ್ಬೆಟ್ಟು ಒತ್ತಿದರು.

ಆಮೇಲಿನದು ನಿಮಗೆ ಗೊತ್ತು. ಸಂಘದ ಸಾವಯವ ಪ್ರಮಾಣಪತ್ರ ಹೋಯಿತು. ನಿಮ್ಮ ಕುರ್ಚಿ ಹೋಯಿತು. ಇಲ್ಲಿ ಏನಾಯಿತೆಂದು ಹೇಳುತ್ತೇನೆ. ನನ್ನದು ಮೊದಲೇ ಇಳಿದಿತ್ತು, ಉಳಿದ ಗೇಟುಗಳ ಫಲಕಗಳೂ ಇಳಿದವು. ಈ ಕೊಯ್ಲನ್ನು ಎಲ್ಲರೂ ವ್ಯಾಪಾರಿಗೆ ಕೊಡುತ್ತಿದ್ದಾರೆ, ನಾನೂ ಕೊಡುತ್ತಿದ್ದೇನೆ. ನನ್ನ ತೊಟ್ಟಿಗೆ ನೀರು ಬರುವ ಪೈಪನ್ನು ಯಾರೋ ಎರಡು ಸಲ ಕತ್ತರಿಸಿದರು. ಮೂರನೆಯ ಸಲ ಕತ್ತರಿಸಿದಾಗ ನಾನು ಜೋಡಿಸಲಿಲ್ಲ, ಬೀಜವನ್ನು ಹಳ್ಳಕ್ಕೆ ಹೊತ್ತು ತೊಳೆಯುತ್ತೇನೆ. ಹಳ್ಳದಲ್ಲಿ ಮೊನ್ನೆ ಮಾರ್ಸೆಲೀನಳ ಸೊಸೆ ಬಂದು ಬುಟ್ಟಿಯ ಇನ್ನೊಂದು ಕಿವಿ ಹಿಡಿದಳು. ಒಬ್ಬಳೇ. ಬೇರೆ ಯಾರೂ ಇಲ್ಲ. ನಾನು ಸರಿ ಮಾಡಿದೆನೋ ಇಲ್ಲವೋ ನನಗೇ ಖಾತ್ರಿಯಿಲ್ಲ; ಆ ಮನೆಗಳ ಮಕ್ಕಳನ್ನು ಕಂಡಾಗ ತಲೆ ತಗ್ಗುತ್ತದೆ. ಅಷ್ಟು ಮನೆಗಳು ನನ್ನ ಕೈಯಲ್ಲಿವೆ ಎಂದು ಬರೆದಿರಿ. ಇಟ್ಟದ್ದು ನೀವು, ಬಿದ್ದದ್ದು ನನ್ನ ಕೈಯಿಂದ.

ದಾಲಿಲ ಓದು ಮುಂದುವರಿಸಿದ್ದಾಳೆ. ದಾರಿಯಲ್ಲಿ ನಿಮ್ಮನ್ನು ಕಂಡರೆ ತಲೆಬಾಗಿ ಆಶೀರ್ವಾದ ಕೇಳಬೇಕೇ ಎಂದು ಬರೆದು ಕೇಳಿದ್ದಳು. ಕೇಳು ಎಂದೆ. ಜ್ಞಾನಸ್ನಾನದ ನೀರು ಅವಳ ಮೇಲೆ ಬಿದ್ದದ್ದು, ನನ್ನ ನಿಮ್ಮ ಜಗಳಕ್ಕೆ ಅವಳು ಯಾಕೆ ಒಣಗಬೇಕು.

ಹಬ್ಬ ಕಳೆದ ಮೇಲೆ ಬರುತ್ತೇನೆ ಅಂದಿದ್ದಿರಿ. ಬನ್ನಿ. ಬೇಡ ಎನ್ನುವುದಿಲ್ಲ, ಬೆಟ್ಟ ಹತ್ತಿ ಬಂದವರಿಗೆ ಬಾಗಿಲು ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಕೂರಲು ಬೆಂಚು ಕೊಡುತ್ತೇನೆ. ಬೇಯಿಸಿದ ಬಾಳೆಕಾಯಿ, ಕಾಫಿ ಕೊಡುತ್ತೇನೆ. ಮಂಡಿಯೂರುವುದು ಬೇಡ, ನೆಲ ಒದ್ದೆ. ಒರ್ಲಾಂದೊನ ಟ್ರಕ್ಕು ಬೆಳಿಗ್ಗೆ ಹತ್ತಕ್ಕೆ ಬಂದರೆ ಸಂಜೆ ನಾಲ್ಕಕ್ಕೇ ವಾಪಸು ಹೊರಡುವುದು. ಅಷ್ಟು ಹೊತ್ತೂ ನಾನು ನಿಮ್ಮೆದುರಿಗೇ ನನ್ನ ಕೆಲಸ ಮಾಡಿಕೊಂಡಿರುತ್ತೇನೆ. ಆದರೆ ಒಂದು ಮಾತೂ ಆಡುವುದಿಲ್ಲ. ಆರು ಗಂಟೆ ಹಾಗೆ ಕೂತಿರಲು ನಿಮ್ಮಿಂದ ಆಗುತ್ತದೆಯೇ ಎಂದು ನೋಡಿಕೊಂಡು ಟ್ರಕ್ಕು ಹತ್ತಿ.

ಕ್ಲೋರಿಂದ ಚಿಂಚಾಯ್